ಡಬ್ಬದ ಬಿಸಿ, ನನ್ನ ನಿದ್ದೆ

ಆಗ ನನಗೆ ಐವತ್ತೆಂಟು. ಅದಾಗಿ ಇಪ್ಪತ್ತೆರಡು ವರ್ಷವಾಯಿತು. ಸಿದ್ಧಾರ್ಥನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಉಪಗ್ರಹ ಬಿಸಿಲಿಗೆ ಬಂದಾಗ ಎಷ್ಟು ಕಾಯುತ್ತದೆ, ಭೂಮಿಯ ನೆರಳಿಗೆ ಹೋದಾಗ ಎಷ್ಟು ಆರುತ್ತದೆ ಎಂದು ಲೆಕ್ಕ ಹಾಕಲು ದಿನಗಟ್ಟಲೆ ಬೇಕಂತೆ. ಹಿಂದಿನ ಅಂಕಿಗಳನ್ನು ಕೊಟ್ಟು ಕಂಪ್ಯೂಟರಿಗೇ ಕಲಿಸಿಬಿಟ್ಟರೆ ಅದು ಕ್ಷಣದಲ್ಲಿ ಹೇಳುತ್ತದೆ ಎನ್ನುವುದು ಅವಳ ಹಟ.

ಉಪಗ್ರಹ ಎಲ್ಲಿಂದ ತರುವುದು? ತಾರಸಿಯ ಮೇಲೆ ಒಂದು ಅಲ್ಯೂಮಿನಿಯಂ ಡಬ್ಬ ಇಟ್ಟು, ಅದಕ್ಕೆ ಅಂಕಿ ತೋರಿಸುವ ಥರ್ಮಾಮೀಟರ್ ಸಿಕ್ಕಿಸಿದಳು. ಆಕಾಶದಲ್ಲಿ ಗಾಳಿಯಿಲ್ಲ, ಇಲ್ಲಿದೆ, ಆದರೂ ಮೊದಲು ಈ ಡಬ್ಬದ ಮೇಲೆ ಕಲಿಯಲಿ ಎಂದಳು. ಅವಳು ಕಾಲೇಜಿಗೆ ಹೋದಾಗ ಮಧ್ಯಾಹ್ನ ಡಬ್ಬಕ್ಕೆ ಬಟ್ಟೆಯ ನೆರಳು ಕಟ್ಟಿ, ಐದೈದು ನಿಮಿಷಕ್ಕೆ ಪುಸ್ತಕದಲ್ಲಿ ಅಂಕಿ ಬರೆಯುವ ಕೆಲಸ ನನ್ನದು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಬಸ್ಸಿನ ನಂಬರು ಓದುತ್ತೇನೆ. ಅಷ್ಟು ಸಾಕು ಎಂದಳು.

ಮೂರು ತಿಂಗಳು ಬರೆದೆ. ಅದನ್ನೆಲ್ಲ ಕಂಪ್ಯೂಟರಿಗೆ ಕಲಿಸಿ ಒಂದು ಭಾನುವಾರ ಅವಳೇ ತಾರಸಿಯಲ್ಲಿ ಕೂತು ನೋಡಿದಳು. ಕಂಪ್ಯೂಟರ್ ಹೇಳಿದ್ದೇ ಒಂದು, ಡಬ್ಬ ತೋರಿಸಿದ್ದೇ ಒಂದು. ಸೋಮವಾರ ಅವಳ ಮೇಷ್ಟ್ರು, ಈ ದಾರಿ ಬಿಟ್ಟು ಹಳೇ ಲೆಕ್ಕಕ್ಕೇ ಹೋಗು ಎಂದುಬಿಟ್ಟರಂತೆ. ಸಂಜೆ ಊಟ ಬೇಡವೆಂದು ನನ್ನ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ಅಮ್ಮಾ, ನೆರಳು ಕಟ್ಟಿದ ತಕ್ಷಣ ಬಿಸಿ ಜರ್ರಂತ ಇಳೀಬೇಕು, ಆಮೇಲೆ ನಿಧಾನ. ಇಲ್ಲಿ ನೋಡಿ, ನಲವತ್ತೆಂಟು, ನಲವತ್ತೇಳು, ನಲವತ್ತಾರು. ಒಂದೊಂದೇ ಇಳಿದಿದೆ."

"ಅದು ನಾನು ಇಳಿಸಿದ್ದು ಕಣಮ್ಮ. ಊಟ ಆದ್ಮೇಲೆ ಮಲಗ್ಬುಡ್ತಿದ್ದೆ. ಎದ್ದು ಅಂದಾಜಲ್ಲಿ ತುಂಬಿಸ್ತಿದ್ದೆ."

"ಎಷ್ಟು ದಿನ?"

"ಸೆಕೆ ಜಾಸ್ತಿ ಇದ್ದ ದಿನವೆಲ್ಲ."

ಬೈಯಲಿ ಎಂದು ಕಾದೆ. ಅವಳು ನಕ್ಕಳು.

"ಸರಿಹೋಯ್ತು. ನನ್ನ ಕಂಪ್ಯೂಟರ್ ಡಬ್ಬಾನ ಕಲೀಲೇ ಇಲ್ಲ, ನಿಮ್ಮನ್ನ ಕಲಿತ್ಬುಡ್ತು."

"ನನ್ನನ್ನ ಕಲಿತು ಅದೇನು ಉದ್ಧಾರ ಆಗುತ್ತೆ."

"ಖಾಲಿ ಬಿಡಬಹುದಿತ್ತಲ್ಲಮ್ಮಾ."

"ಖಾಲಿ ಬಿಟ್ರೆ ಸೋಮಾರಿ ಅನ್ಕೊತೀಯ ಅಂತ."

ಪೆನ್ಸಿಲು ನನ್ನ ಕೈಗೆ ಕೊಟ್ಟು 'ನೋಡಿಲ್ಲ' ಎಂದು ಬರೆಯಲು ಕಲಿಸಿದಳು. ಒತ್ತಕ್ಷರ ನಾಲ್ಕು ಸಲ ತಪ್ಪಿತು. ನೋಡದಿದ್ದಾಗ ಇಷ್ಟು ಬರೆದರೆ ಸಾಕು, ಅದೂ ಕೆಲಸವೇ ಎಂದಳು. ಹಾಗೆ ಬರೆಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ತವರಲ್ಲೂ ಅಷ್ಟೆ, ಗಂಡನ ಮನೆಯಲ್ಲೂ ಅಷ್ಟೆ, ಕೇಳಿದ್ದಕ್ಕೆ ಏನಾದರೊಂದು ಉತ್ತರ ಕೊಡಲೇಬೇಕಿತ್ತು. ಆ ಹುಡುಗಿಯನ್ನು ಅದಕ್ಕೇ ಇವತ್ತಿಗೂ ನೆನೆಯುತ್ತೇನೆ.

ನಾನು ಮಲಗಿದ್ದ ದಿನಗಳನ್ನು ತೆಗೆದು ಉಳಿದದ್ದನ್ನು ಕಲಿಸಿದರೆ ಕಂಪ್ಯೂಟರ್ ಸರಿಹೋದೀತು, ಮೇಷ್ಟ್ರು ಒಪ್ಪಬೇಕಷ್ಟೆ ಎಂದಳು.

"ಅವರಿಗೆ ಏನ್ ಹೇಳ್ತೀಯೆ?"

"ಅಂಕಿ ಬರ್ಕೊಳ್ಳೋದ್ರಲ್ಲಿ ನಾನೇ ತಪ್ಪು ಮಾಡ್ದೆ ಅಂತೀನಿ. ನಿಮ್ಮ ಹೆಸರು ಯಾಕೆ?"

ಅನ್ನ ಬಡಿಸಿದೆ, ಉಂಡಳು.

ಮಾರನೆಯ ಬೆಳಿಗ್ಗೆ ಅವಳು ಬೇಡ ಬೇಡ ಎಂದರೂ ಕೇಳದೆ ಅವಳ ಜೊತೆ ಬಸ್ಸು ಹತ್ತಿ ಕಾಲೇಜಿಗೆ ಹೋದೆ. ಮೇಷ್ಟ್ರ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ನಾನು ಮಲಗಿದ್ದ ದಿನಗಳನ್ನೆಲ್ಲ ಬೆರಳಿಟ್ಟು ತೋರಿಸಿದೆ.