ತಂಗೂಸಿಗೆ ನಿಲ್ಲದ ಗಂಟು

ಬೀಳಗಿಯಿಂದ ಕೃಷ್ಣೆಯ ಹಿನ್ನೀರಿಗೆ ಇಳಿಯುವ ಹಾದಿಯಲ್ಲಿ, ಕಟ್ಟಕಡೆಯ ಮನೆಯ ಕಟ್ಟೆಯ ಮೇಲೆ ಬಲೆ ಹರವಿಕೊಂಡು ಕೂರುತ್ತಿದ್ದವಳು ಸೋಮವ್ವ ಅಂಬಿಗೇರ. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದು ಆರು ವರ್ಷವಾಯಿತು. ಕಣ್ಣಿದ್ದಾಗ ಎರಡು ಮಳೆಗಾಲ ಕೂತು ಹೆಣೆದ ನೂಲಿನ ಬಲೆಯೊಂದಿತ್ತು ನೋಡಿ, ಅದರ ಒಂದೊಂದು ಗಂಟೂ ಅವಳ ಬೆರಳಿಗೆ ಗುರುತು. ಮುಂಜಾನೆ ಗಂಡ ಗೂಳಪ್ಪ ಮೀನು ಬಿಡಿಸಿ, ಬಲೆ ತಂದು ಮುಂದೆ ಹಾಕುವನು. ಅವಳು ತಡಕುತ್ತ ನೀರಿನ ಸುದ್ದಿಯನ್ನೆಲ್ಲ ಹೇಳುವಳು.

“ಇಲ್ಲಿ ಏಡಿ ಕಡದೈತಿ. ಇದು ಜಾಲಿ ಬೊಡ್ಡಿಗೆ ಸಿಕ್ಕು ಹರದದ್ದು. ಮುಳುಗಿದ ಊರಾಗ ಬಲಿ ಬಿಡಬ್ಯಾಡ ಅಂದಿಲ್ಲೇನ ನಾ?”

“ಕಣ್ಣಿದ್ದಾಗ ಇಷ್ಟ ಕಾಣತಿದ್ದಿಲ್ಲ ಬಿಡ ನಿನಗ,” ಎಂದು ಗೂಳಪ್ಪ ನಗುವನು.

“ಕಣ್ಣಿದ್ದಾಗ ನಿನ್ನ ಮಾರಿ ನೋಡೂದರಾಗ ಹೊತ್ತ ಹೋತು.”

ಬಿದಿರಿನ ಕಡ್ಡಿಗೆ ನೂಲು ಸುತ್ತಿಕೊಂಡು ಹರಿದದ್ದನ್ನು ಕೂಡಿಸುವಳು. ಅಡುಗೆ, ನೀರು, ಕಸ ಎಲ್ಲ ಕೈಬಿಟ್ಟು ಹೋದ ಮೇಲೆ ಅವಳಿಗೆಂದು ಉಳಿದ ಕೆಲಸ ಅದೊಂದೇ.

ಹೋದ ವರ್ಷದಿಂದ ಜಮಖಂಡಿ, ಬನಹಟ್ಟಿ ಕಡೆಯವರು ಭಾನುವಾರಕ್ಕೊಮ್ಮೆ ಹಾಯಿದೋಣಿ ತಂದು ಹಿನ್ನೀರಿನಲ್ಲಿ ಆಡತೊಡಗಿದರು. ದೋಣಿಯ ಅಡಿಗೆ ಇಳಿಬಿಟ್ಟ ಹಲಗೆ ಬಲೆಗೆ ಸಿಗುವುದು, ಜಗಳ ಏಳುವುದು.

“ನೀರೇನ ನಿಮ್ಮಪ್ಪಂದೇನು?” ಎಂದ ದೋಣಿಯ ಹುಡುಗನೊಬ್ಬ.

“ನಮ್ಮಪ್ಪನ ಮನಿ ಈ ನೀರಿನ ಬುಡಕ ಐತಿ, ಇಳದ ನೋಡ ಹೋಗ!” ಎಂದ ಗೂಳಪ್ಪ.

ಕಡೆಗೆ ಅವರ ಹಿರಿಯ, ಜಮಖಂಡಿಯ ವಕೀಲ ವಿಶ್ವಾಸರು ದಂಡೆಗೆ ಬಂದು ಸಮಾಧಾನ ಮಾಡಿದರು. “ಗೂಳಪ್ಪಾ, ಬಲಿ ಇದ್ದಲ್ಲೆ ಒಂದ ಕೇಸರಿ ಬಾವುಟ ಕಟ್ಟು. ದೂರಿಂದ ಕಾಣತದ. ನಮ್ಮವರು ಹತ್ರ ಬರೂದಿಲ್ಲ. ಇದು ನನ್ನ ಮಾತು.”

ಸೋಮವ್ವ ಟ್ರಂಕಿನಿಂದ ತನ್ನ ಕೇಸರಿ ಸೀರೆ ತೆಗೆಸಿ ಕೊಟ್ಟಳು. “ಹರಕೋ. ನನಗೇನ ಬಣ್ಣ ಕಾಣತೈತೇನ? ಬಲಿ ಉಳದ್ರ ಸಾಕು.”

ಎಂಟು ತಿಂಗಳು ಉಳಿಯಿತು. ಈ ಮಾಘದಲ್ಲಿ ಹಾಯಿದೋಣಿಗಳ ಪಂದ್ಯ ನಡೆದು ಹೊರ ಊರುಗಳಿಂದಲೂ ದೋಣಿ ಬಂದವು. ಪಂದ್ಯದ ದೋಣಿಗಳು ನೀರಿನಲ್ಲಿ ತೇಲಿಬಿಟ್ಟ ಗುರುತನ್ನು ಸುತ್ತಿಕೊಂಡು ತಿರುಗಬೇಕು. ಆ ಗುರುತಿನ ಬಣ್ಣವೂ ಕೇಸರಿ. ಗೂಳಪ್ಪನ ಬಾವುಟದ ಸಂಗತಿಯನ್ನು ಹೊಸಬರಿಗೆ ಹೇಳಲು ವಿಶ್ವಾಸರು ಮರೆತರು. ದೂರ ಇರಿ ಎಂದು ಕಟ್ಟಿದ ಸೀರೆಯ ತುಂಡನ್ನೇ ಸುತ್ತಿಕೊಂಡು ಮೂರು ದೋಣಿ ತಿರುಗಿದವು. ಹಲಗೆಗೆ ಬಲೆ ಸುತ್ತಿ ದೋಣಿ ಮಗುಚುವಂತಾದಾಗ ಅವರು ಚಾಕು ತೆಗೆದು ಕೊಯ್ದು ಕೊಯ್ದು ನೀರಿಗೆ ಬಿಟ್ಟರು. ಗೂಳಪ್ಪ ಕೂಗುತ್ತ ತೆಪ್ಪ ಹಾಕಿಕೊಂಡು ಹೋಗುವಷ್ಟರಲ್ಲಿ ಕೈಗೆ ಸಿಕ್ಕದ್ದು ಒಂದು ಬುಟ್ಟಿಯಷ್ಟು.

ಅದನ್ನು ಹೆಂಡತಿಯ ಮುಂದೆ ಹಾಕಿ, “ಬೊಡ್ಡಿಗೆ ಸಿಕ್ತು,” ಎಂದ.

ಅವಳು ತುದಿಗಳನ್ನು ಒಂದೊಂದೇ ಮುಟ್ಟಿದಳು. “ಸುಳ್ಳ ಹೇಳಬ್ಯಾಡ. ಬೊಡ್ಡಿಗೆ ಸಿಕ್ಕದ್ದು ಎಳಿ ಬಿಚ್ಚಿ ಗುಂಜ ಬಿಟ್ಟಿರತೈತಿ. ಇದು ಚಾಕು.”

ಮರುದಿನ ವಿಶ್ವಾಸರು ಹೊಸ ತಂಗೂಸಿ ಬಲೆ ತಂದು ಹೊಸ್ತಿಲ ಹೊರಗೆ ನಿಂತರು. ಕೂದಲಿನಷ್ಟು ಸಣ್ಣ, ಗಾಜಿನಷ್ಟು ನುಣುಪಾದ ಪ್ಲಾಸ್ಟಿಕ್ ಎಳೆಯದು.

“ತಪ್ಪು ನಂದವ್ವಾ. ಇದು ಹಳೇದಕಿಂತ ಛಲೋ ಅದ. ಹರದ್ರ ಒಗದ ಬಿಡು, ಇನ್ನೊಂದ ತಂದ ಕೊಡ್ತೀನಿ.”

ಸೋಮವ್ವ ಎಳೆಯನ್ನು ಬೆರಳಲ್ಲಿ ಹೊಸಕಿ ನೋಡಿದಳು. “ಹರದ್ರ ಒಗಿಯೂದೇನ್ರಿ?” ಎಂದಳು, ಅಷ್ಟೇ.

ಮೀನೇನೋ ಹೆಚ್ಚೇ ಬಿದ್ದವು. ಬಲೆ ಹರಿಯಲಿಲ್ಲ. ಸೋಮವ್ವ ಬರಿಗೈಯಲ್ಲಿ ಕಟ್ಟೆಗೆ ಕೂತಳು. ರೊಟ್ಟಿ ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ನಾಲ್ಕನೆಯ ದಿನ ಗೂಳಪ್ಪ ತೆಪ್ಪದಲ್ಲೇ ಕೂತು ಹೊಸ ಬಲೆಯನ್ನು ಮೊಳದಷ್ಟು ಕೊಯ್ದ. ಮನೆಗೆ ತಂದು, “ಏಡಿ ಕಡದೈತಿ ನೋಡ,” ಎಂದ.

ಅವಳ ಮುಖ ಅರಳಿತು. ಕಡ್ಡಿ ತೆಗೆದುಕೊಂಡು ಗಂಟು ಹಾಕಿದಳು. ಜಾರಿತು. ಎಂಜಲು ಹಚ್ಚಿ ಬಿಗಿದಳು. ಅದೂ ಜಾರಿತು. ಮತ್ತೆ ಹಾಕಿದಳು. ಆಮೇಲೆ ಬೆರಳು ತುಂಡಾದ ಎಳೆಗಳ ತುದಿಯ ಮೇಲೆ ನಿಂತವು.

“ಇದೂ ಚಾಕು,” ಎಂದಳು.

ಗೂಳಪ್ಪ ಬಲೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

“ನನಗ ಕೆಲಸ ಇರಲಿ ಅಂತ ಕೊಯ್ದಿ, ಹೌದಿಲ್ಲೊ?”

“ಹೂಂ.”

“ಇನ್ನ ಕೊಯ್ಯಬ್ಯಾಡ. ನನ್ನ ಗಂಟ ಇದಕ್ಕ ನಿಲ್ಲಂಗಿಲ್ಲ.”

ಸುತ್ತಿದ ನೂಲು ಬಿಚ್ಚದೆ ಕಡ್ಡಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟಳು.

ಇಂದಿಗೂ ಗೂಳಪ್ಪ ರೂಢಿಯಂತೆ ಬಲೆ ತಂದು ಅವಳ ಮುಂದೆ ಹಾಕುತ್ತಾನೆ.

“ಹರದಿಲ್ಲಲ್ಲ?” ಎಂದು ಕೇಳುತ್ತಾಳೆ.

“ಇಲ್ಲ.”

“ಹಂಗಾರ ಒಯ್ಯಿ.”