ಕಡಲ ಗಾಳಿಗೆ ಬಾಗಿದ ಕಡಕ್ ರೊಟ್ಟಿ

ಕಳೆದ ವಾರ ಗಚ್ಚಿಬೌಲಿಯ ನಮ್ಮ ಫ್ಲಾಟಿನ ಅಟ್ಟದಿಂದ ಸೈಕಲ್ಲಿಗೆ ಕಟ್ಟುತ್ತಿದ್ದ ಹಳೆಯ ಚೀಲ ಇಳಿಸಿದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದು ತೆರೆದರೆ ಶೇಂಗಾ ಚಟ್ನಿಯ ವಾಸನೆ. ತೊಳೆದೇ ಇಟ್ಟಿದ್ದೆ, ಆದರೆ ಬೆಳ್ಳುಳ್ಳಿ ಅಷ್ಟು ಸುಲಭಕ್ಕೆ ಹೋಗುವ ಪೈಕಿ ಅಲ್ಲ. ಖಾನಾವಳಿ ಅಕ್ಕ ನೆನಪಾದರು.

ಆಗ ನಾನು ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದೆ. ಮೈಸೂರಿನವನು, ಜೋಳದ ರೊಟ್ಟಿ ಕಂಡರೆ ಮುಖ ಸಿಂಡರಿಸುತ್ತಿದ್ದವನು. ಹಿಂದಿನ ಗಲ್ಲಿಯಲ್ಲಿ ಯಾದಗಿರಿ ಕಡೆಯ ಈ ಅಕ್ಕ ಒಂಟಿಯಾಗಿ ಖಾನಾವಳಿ ನಡೆಸುತ್ತಿದ್ದರು. ಗಿರಾಕಿಗಳ ಜೊತೆ ತೆಲುಗು, ಹಿಂದಿ. ಒಲೆಯನ್ನು ಬೈಯುವಾಗ ಕನ್ನಡ. ಒಣಗಿಸಿಟ್ಟ ಅವರ ಕಡಕ್ ರೊಟ್ಟಿ ತಿಂಗಳು ಬಿಟ್ಟು ಮುರಿದರೂ ಚಟ್ ಅನ್ನುತ್ತಿತ್ತು. ಅದರ ಬಗ್ಗೆ ಅವರಿಗೆ ಹೆಮ್ಮೆ, ಸ್ವಲ್ಪ ಜಾಸ್ತಿಯೇ.

ಕಾರವಾರದಿಂದ ಮಂಗಳೂರಿಗೆ ಒಬ್ಬನೇ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದಾಗ ಉಳಿದವರೆಲ್ಲ ತಲೆ ಕೆಟ್ಟಿದೆಯಾ ಅಂದರು. ಅಕ್ಕ ಮಾತ್ರ, "ದಾರ್‍ಯಾಗ ಮಲ್ಪೆ ಬರ್ತೈತೇನು ತಮ್ಮಾ?" ಎಂದು ಕೇಳಿದರು. ಅವರ ಒಬ್ಬಳೇ ಮಗಳು ಅಲ್ಲಿದ್ದಳು. ಅಳಿಯ ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದ. ಬಂದರಿನಲ್ಲಿ ನಮ್ಮ ಕಡೆಯ ಕೂಲಿಯವರು ಬೇಕಾದಷ್ಟಿದ್ದಾರೆ, ಇಬ್ಬರೂ ಸೇರಿ ಖಾನಾವಳಿ ಹಾಕೋಣ ಬಾ ಎಂದು ಅವಳು ತಾಯಿಯನ್ನು ಕರೆಯುತ್ತಲೇ ಇದ್ದಳು.

"ಮಗಳ ಮನ್ಯಾಗ ಕುಂತು ತಿನ್ನಾಕಿ ಅಲ್ಲ ನಾ. ಅಲ್ಲಿನ ಗಾಳಿಗೆ ನನ್ನ ರೊಟ್ಟಿ ತಡೀತಾವಂದ್ರ ಹೋಗ್ತೀನಿ," ಎಂದು ಅಕ್ಕ ಬಿಳಿ ಬಟ್ಟೆಯಲ್ಲಿ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ ಕಟ್ಟಿಕೊಟ್ಟರು. ದಿನಾ ಸಂಜೆ ಒಂದು ರೊಟ್ಟಿಯನ್ನು ಫೋನಿನ ಹತ್ತಿರ ಹಿಡಿದು ಮುರಿಯಬೇಕು, ಸಪ್ಪಳ ಅವರಿಗೆ ಕೇಳಬೇಕು.

ಅಂಕೋಲೆಯಲ್ಲಿ ಚಟ್ ಅಂದಿತು. ಅಕ್ಕ ಜೋರಾಗಿ ನಕ್ಕರು. ಮಾರನೆಯ ದಿನ ಬಲಕ್ಕೆ ಸಮುದ್ರ, ಎದುರಿಗೆ ಗಾಳಿ, ಬೆನ್ನಿಗೆ ಲಾರಿಗಳ ಹಾರ್ನು. ಸೂರ್ಯಾಸ್ತ ಚೆನ್ನಾಗಿತ್ತಂತೆ, ನನಗೆ ನೆನಪಿರುವುದು ಮಂಡಿನೋವು. ಹೊನ್ನಾವರದಲ್ಲಿ ಮುರಿಯಲು ಹೋದರೆ ರೊಟ್ಟಿ ಬಾಗಿತು.

"ಕೇಳ್ಲಿಲ್ಲ ತಮ್ಮಾ. ಇನ್ನೊಂದು ಮುರಿ."

ಇನ್ನೊಂದೂ ಬಾಗಿತು. "ಮೆತ್ತಗಾಗಿದೆ ಅಕ್ಕ," ಅಂದೆ. "ಕುಕ್ಕರ್ ಕೂಗಾಕತ್ತೈತಿ," ಎಂದು ಅಕ್ಕ ಫೋನ್ ಇಟ್ಟುಬಿಟ್ಟರು.

ಮಲ್ಪೆಯಲ್ಲಿ ಮಗಳು ಆ ಮೆತ್ತನೆಯ ರೊಟ್ಟಿಯನ್ನು ನಿಂತಲ್ಲೇ ತಿಂದಳು. "ಇಲ್ಲಿ ಕಡಕ್ ಯಾರ ಕೇಳ್ತಾರ್ರೀ ಅಣ್ಣಾ, ಬಿಸಿ ರೊಟ್ಟಿ ಇದ್ರ ಸಾಕು. ಅವ್ವಗ ಬಾ ಅಂತ ಹೇಳ್ರಿ."

ಅಮೀರ್‌ಪೇಟ್‌ಗೆ ಮರಳಿದವನೇ ಅಕ್ಷರ ಬಿಡದೆ ಹೇಳಿದೆ. ಅಕ್ಕ ಹಿಟ್ಟು ನಾದುತ್ತಲೇ ಕೇಳಿಸಿಕೊಂಡರು.

"ಬಿಸಿ ರೊಟ್ಟಿ ಆಕಿನೂ ಬಡೀತಾಳ. ಮತ್ತ ನಾ ಯಾಕ ಬೇಕು ಅಲ್ಲಿ?"

ವಾದ ಮಾಡಿ ನೋಡಿದೆ. ಹೊನ್ನಾವರದ ಎದುರುಗಾಳಿಯೇ ವಾಸಿ. ಮುಂದಿನ ವರ್ಷ ನೋಡೋಣ ಎನ್ನುತ್ತ ಕೆಲವು ವರ್ಷ ದೂಡಿದರು. ಮಲ್ಪೆಯನ್ನು ನೋಡದೆಯೇ ಅಮೀರ್‌ಪೇಟ್‌ನಲ್ಲೇ ತೀರಿಕೊಂಡರು.

ಮಗಳು ಬಂದು ಕಾರ್ಯ ಮುಗಿಸಿದಳು. ಪಾತ್ರೆ ಕಟ್ಟುವಾಗ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿ ಸಿಕ್ಕವು. ಒಂದನ್ನು ಮುರಿದಳು. ಚಟ್ ಅಂದಿತು.

"ನನಗ ಅವ್ವ ಬೇಕಾಗಿದ್ಲುರೀ ಅಣ್ಣಾ. ರೊಟ್ಟಿ ಮೆತ್ತಗಾದ್ರ ಆಗ್ಲಿ," ಅಂದಳು. ನಾನು ಪಾತ್ರೆಯ ಗಂಟು ಬಿಗಿದೆ.

ಈಗ ಅಕ್ಕನ ಖಾನಾವಳಿ ಇದ್ದ ಜಾಗದಲ್ಲಿ ಸಾಫ್ಟ್‌ವೇರ್ ಕಲಿಸುವ ಇನ್ನೊಂದು ಸಂಸ್ಥೆ ಬಂದಿದೆ. ಮೆಟ್ರೋ ಬದಲಿಸಲು ಅಮೀರ್‌ಪೇಟ್‌ನಲ್ಲಿ ಇಳಿದರೂ ಆ ಗಲ್ಲಿಯ ಕಡೆ ಹೋಗುವುದಿಲ್ಲ. ಅಕ್ಕ ಇಲ್ಲದ್ದು ನನಗೆ ಇವತ್ತಿಗೂ ಬೇಸರವೇ. ಮಗಳು ಆಗೀಗ ಫೋನ್ ಮಾಡುತ್ತಾಳೆ. ಬಂದರಿನ ಹತ್ತಿರ ಅವಳ ಖಾನಾವಳಿ ಚೆನ್ನಾಗಿ ನಡೆಯುತ್ತಿದೆಯಂತೆ. ಮಧ್ಯಾಹ್ನ ಊಟಕ್ಕೆ ಬಂದವರು ಸಾಲು ನಿಲ್ಲುತ್ತಾರೆ, ರೊಟ್ಟಿ ಬಡಿಯಲು ಒಬ್ಬಳಿಗೇ ಕೈ ಸಾಲುತ್ತಿಲ್ಲವಂತೆ.