ಕರೆಂಟ್ ಹೋದಾಗ ಹಾಡಿದಾಕೆ

ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಸೀರೆ ನೇಯ್ದೆ. ಮಗ್ಗಗಳು ನಡೆಯುವಾಗ ಪಕ್ಕದವನು ಕೂಗಿದರೂ ಕೇಳುತ್ತಿರಲಿಲ್ಲ, ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಕರೆಂಟ್ ಹೋದರೆ ಮಾತ್ರ ಶೆಡ್ಡು ಗಪ್ಪಾಗುತ್ತಿತ್ತು. ಆಗ ಪಕ್ಕದ ಮಗ್ಗದ ಕಾಕಾ ಮೊಳೆಗೆ ತೂಗುಹಾಕಿದ್ದ ತಮ್ಮ ಟ್ರಾನ್ಸಿಸ್ಟರ್ ಹಚ್ಚುತ್ತಿದ್ದರು. ನಾವು ನೂಲಿನ ಚೀಲಗಳಿಗೆ ಒರಗಿ ಕಣ್ಣು ಮುಚ್ಚುತ್ತಿದ್ದೆವು.

ಮಧ್ಯಾಹ್ನ ಕರೆಂಟ್ ಹೋದರೆ ಎಷ್ಟೋ ಸಲ ಒಬ್ಬ ಹೆಣ್ಣುಮಗಳ ತತ್ವಪದ ಅರ್ಧಕ್ಕೆ ಬಂದಿರುತ್ತಿತ್ತು. ಆಕೆಯೂ ಆಗಷ್ಟೇ ದುಡಿದು ಬಂದು ಕೂತವಳಂತೆ, ಯಾವ ಅವಸರವೂ ಇಲ್ಲದೆ ಹಾಡುತ್ತಿದ್ದಳು. ಹಾಡು ಮುಗಿದೊಡನೆ ಕಾಕಾ ರೇಡಿಯೊ ಬಂದ್ ಮಾಡಿಬಿಡುತ್ತಿದ್ದರು. ಬರೀ ಮಾತು ಕೇಳಲು ಸೆಲ್ ಹಾಳುಮಾಡಬಾರದು ಎಂಬುದು ಅವರ ಹಟ.

“ತಡೀರಿ ಕಾಕಾ, ಹಾಡಿದವ್ರ ಹೆಸರ ಹೇಳ್ತಾರ!” ಎಂದು ಒಮ್ಮೆ ರೇಗಿದೆ.

“ಹೆಸರ ತಗೊಂಡ ಏನ್ ಮಾಡ್ತೀಲೇ? ಸೆಲ್ ಉಳದ್ರ ನಾಳಿಗೆ ಮತ್ತೊಂದ ಹಾಡ ಕೇಳಾಕ ಬರತೈತಿ,” ಎಂದರು.

ಈಗ ಮಗ್ಗ ಬಿಟ್ಟಿದ್ದೇನೆ. ಮಗ್ಗ ತಿಂದು ಉಳಿಸಿದ ಕಿವಿಗೆ ಮಾತು ತಿಳಿಯುವುದಿಲ್ಲ, ದನಿಯಷ್ಟೇ ಮುಟ್ಟುತ್ತದೆ. ಮೊನ್ನೆ ಮನೆಯ ರೇಡಿಯೊದಲ್ಲಿ ಆಕೆಯ ಪದ ಬಂತು. ಮುಗಿದ ಮೇಲೆ ಹೆಸರು ಹೇಳಿದರಂತೆ. ಹೆಂಡತಿ ಅದನ್ನು ನನ್ನ ಕಿವಿಯ ಹತ್ತಿರ ಎರಡು ಸಲ ಕೂಗಿದಳು. ಗೊತ್ತಾಗಲಿಲ್ಲ. ಸಾಕು ಬಿಡು ಎಂದು ಕೈಸನ್ನೆ ಮಾಡಿದೆ.

ಹೆಸರಿಲ್ಲದಿದ್ದರೇನಂತೆ, ಆ ದನಿ ಕೇಳಿತೆಂದರೆ, ಶೆಡ್ಡಿನಲ್ಲಿ ಕರೆಂಟ್ ಹೋದಾಗಿನಂತೆ ನನ್ನ ಹೆಗಲುಗಳು ಈಗಲೂ ತಾವಾಗಿಯೇ ಇಳಿಯುತ್ತವೆ.